ಲಕ್ಷ್ಮೇಶ್ವರಕ್ಕೆಂದು ಹೊರಟು ಕೆಳಮನೆ ಹೊಕ್ಕಿದ್ದು

ಆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರು ಯಾರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಾಕ್ಷಿಗೆ ಬೇಕಾಗುತ್ತದೆ. ಬೆಟಗೇರಿಯ ಎರಡಂತಸ್ತಿನ ಮನೆ. ಮೇಲಿನ ಭಾಗದಲ್ಲಿ ಬಾಡಿಗೆಗಿದ್ದ ನಾನು, ಮತ್ತು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಮೆಹಬೂಬಿ. ಕೆಳಗೆ ಮನೆ ಮಾಲೀಕರ ಹೆಂಡತಿ ಪಾರ್ವತಕ್ಕ. ಮಾಲೀಕರಾದ ಬಸವಣ್ಣೆಪ್ಪ ಮಾಸ್ತರು ಊಟ ಮುಗಿಸಿ ಗದಗಿನ ಪ್ರೆಸ್ಸಿಗೆ ಹೋಗಿದ್ದರು. ಅವರ ಕಂಪ್ಯೂಟರ್ ಮಾತ್ರ ಪಡಸಾಲೆಯಲ್ಲಿ ಚಾಲೂ ಇತ್ತು. ಇನ್ನೊಬ್ಬ, ನನ್ನ ಬಾಲ್ಯದ ಗೆಳೆಯ ಲಕ್ಷ್ಮೇಶ್ವರದ ಈರಣ್ಣ, ಫೋನಿನಲ್ಲಿದ್ದ. ಅವನನ್ನೂ ಹಾಜರಿದ್ದವರ ಲೆಕ್ಕಕ್ಕೇ ಹಿಡಿಯಬೇಕು.

ಮಾಸ್ತರು ಪ್ರೆಸ್ಸಿಗೆ ಹೋದದ್ದೇಕೆ ಎಂಬುದನ್ನೂ ಹೇಳಬೇಕು. ಈ ಕಥೆಯ ಜೀವ ಇರುವುದೇ ಅಲ್ಲಿ. ನಿವೃತ್ತರಾದ ಮೇಲೆ ಅವರು ಹಿರೇಹಂದಿಗೋಳ, ಹೊಂಬಳ, ಕಣಗಿನಹಾಳ ಎಂದು ಬಸ್ಸು ಹತ್ತಿ ಇಳಿದು, ಮುದುಕಿಯರ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತು, ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಂಡು ಬಂದಿದ್ದರು. ನಾಲ್ಕು ವರ್ಷದ ಕೆಲಸ. ಹಾಡಿದ ಒಂಬತ್ತು ಮಂದಿಯಲ್ಲಿ ಐವರು ಈಗಾಗಲೇ ತೀರಿಕೊಂಡಿದ್ದರು. ಆ ಹಾಡುಗಳನ್ನು ಅಚ್ಚು ಹಾಕಿಸುವುದು ಮಾಸ್ತರರ ಒಂದೇ ಆಸೆ. ಮರುದಿನ ಬೆಳಿಗ್ಗೆಯೇ ಅವನ್ನು ಅಚ್ಚಿಗೆ ತೆಗೆದುಕೊಳ್ಳುವಂತೆ ಪ್ರೆಸ್ಸಿನವರನ್ನು ಒಪ್ಪಿಸಲು ಹೋಗಿದ್ದರು.

ನೋಟುಬುಕ್ಕಿನಲ್ಲಿದ್ದ ಹಾಡುಗಳನ್ನು ಅವರು ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಕಂಪ್ಯೂಟರಿಗೆ ಏರಿಸುತ್ತಿದ್ದರು. ಒಂದು ಪುಟ ಏರಿತೋ, ಆ ಪುಟ ಹರಿದು ಪಾರ್ವತಕ್ಕನ ನೀರೊಲೆಗೆ! ಮಾಸ್ತರು ಮೊದಲು ಹಿಂದೆಮುಂದೆ ನೋಡಿದ್ದರು. “ಇನ್ನ ಕಾಗದದ ಹಂಗ್ಯಾಕ್ರಿ ಸರ? ಒಮ್ಮೆ ಇದರ ಹೊಟ್ಟಿಗೆ ಹೋತಂದ್ರ ಮುಗೀತು. ಇಲಿ ಕಡಿಯೂದಿಲ್ಲ, ಗೆದ್ದಲ ಹತ್ತೂದಿಲ್ಲ” ಎಂದು ಅವರಿಗೆ ಧೈರ್ಯ ತುಂಬಿದ ಮಹಾನುಭಾವ ಯಾರು? ನಾನೇ.

ನಾನು ಗಡಿಯಾರ ರಿಪೇರಿಯವನು. ಅಪ್ಪನಿಂದ ಬಂದ ಕಸುಬು. ನಮ್ಮಲ್ಲಿ ಒಂದು ಪದ್ಧತಿ ಇದೆ. ರಿಪೇರಿಗೆ ಬಂದ ಗಡಿಯಾರದ ಹಿಂದಿನ ಮುಚ್ಚಳ ತೆಗೆದು ಅದರ ಒಳಮೈಗೆ ಸೂಜಿಮೊನೆಯಿಂದ ಸಣ್ಣಗೆ ಒಂದು ನಂಬರು ಗೀರುತ್ತೇವೆ. ಗಿರಾಕಿಯ ಚೀಟಿಯಲ್ಲೂ ಅದೇ ನಂಬರು. ನೋಡಲು ಒಂದೇ ತರಹದ ಇಪ್ಪತ್ತು ಗಡಿಯಾರ ಸಾಲಾಗಿ ಮಲಗಿದ್ದರೂ ನಂಬರು ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ಗಡಿಯಾರವನ್ನು ಇನ್ನೊಬ್ಬರ ಕೈಗೆ ಕಟ್ಟಿದವನಲ್ಲ ನಾನು. ನಂಬರಿನ ಮೇಲೆ ನನಗಿದ್ದ ಭಕ್ತಿ ಅಂಥದ್ದು. ಆ ಭಕ್ತಿಯೇ ನನ್ನನ್ನು ಬಾವಿಗೆ ನೂಕಿತು.

ಗದಗು ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷಗಳಾಗಿದ್ದವು. ಮೊಬೈಲು ಬಂದ ಮೇಲೆ ಜನ ಮಣಿಕಟ್ಟು ನೋಡಿಕೊಳ್ಳುವುದನ್ನೇ ಬಿಟ್ಟರು. ಓಣಿಗೊಂದು ಕಂಪ್ಯೂಟರ್ ಕ್ಲಾಸು ಶುರುವಾಯಿತು. ನಾನೂ ಸೇರಿದೆ. ಮೂರು ತಿಂಗಳ ಕೋರ್ಸಿನಲ್ಲಿ ಎರಡು ತಿಂಗಳು ಮುಗಿಸಿ, “ಇನ್ನೇನು ಉಳೀತು?” ಎಂದು ಬಿಟ್ಟುಬಿಟ್ಟೆ. ಉಳಿದದ್ದು ಏನೆಂಬುದು ಮುಂದೆ ತಿಳಿಯುತ್ತದೆ.

ಎರಡೇ ತಿಂಗಳ ವಿದ್ಯೆಯಿಂದ ನಾನು ಓಣಿಯ ಕಂಪ್ಯೂಟರ್ ಪಂಡಿತನಾದೆ. ಮಾಸ್ತರರ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನು. ಲಕ್ಷ್ಮೇಶ್ವರದಲ್ಲಿ ಸಾಲಿ ಮಕ್ಕಳ ಸಮವಸ್ತ್ರ ಹೊಲಿಸಿ ಮಾರುವ ಈರಣ್ಣನ ಮನೆಗೆ ಒಂದು ಕಂಪ್ಯೂಟರ್ ಕೊಡಿಸಿದವನೂ ನಾನೇ. ಎರಡರಲ್ಲೂ, ದೂರ ಕುಳಿತು ಇನ್ನೊಂದು ಕಂಪ್ಯೂಟರನ್ನು ನಡೆಸುವ ಒಂದು ಪ್ರೋಗ್ರಾಮು ಹಾಕಿದ್ದೆ. ಎರಡಕ್ಕೂ ಒಂದೇ ಪಾಸ್‌ವರ್ಡು ಇಟ್ಟಿದ್ದೆ. ಎರಡು ನೆನಪಿಡುವಷ್ಟು ಜಾಗ ನನ್ನ ತಲೆಯಲ್ಲಿರಲಿಲ್ಲ. ಮಾಸ್ತರರ ಮನೆಗೆ ಬಂದ ಇಂಟರ್ನೆಟ್ಟಿನದೇ ಒಂದು ವೈರು, ಅವರ ದೊಡ್ಡ ಮನಸ್ಸಿನಿಂದ, ಮೆಟ್ಟಿಲು ಹತ್ತಿ ನನ್ನ ಕಂಪ್ಯೂಟರಿಗೂ ಬಂದಿತ್ತು.

ಈರಣ್ಣನ ಮನೆಯಿಂದ ಹೊರಡುವ ಮುಂಚೆ ನಾನು ಮಾಡಿದ ಅತಿ ಮುಖ್ಯ ಕೆಲಸವೆಂದರೆ, ಅವನ ಕಂಪ್ಯೂಟರಿನ ನಂಬರು ಬರೆದುಕೊಂಡದ್ದು. ನೂರಾ ತೊಂಬತ್ತೆರಡರಿಂದ ಶುರುವಾಗಿ ಐದಕ್ಕೆ ಮುಗಿಯುವ, ನಾಲ್ಕು ತುಂಡಿನ ನಂಬರು. ಜಗತ್ತಿನಲ್ಲಿ ಆ ನಂಬರಿನದು ಅದೊಂದೇ ಎಂದು ನಾನು ತಿಳಿದಿದ್ದೆ. ಗಡಿಯಾರದವನಿಗೆ ಬೇರೆ ಏನು ತಿಳಿಯಬೇಕು?

ಆ ಮಧ್ಯಾಹ್ನ ಈರಣ್ಣನ ಫೋನು ಬಂತು.

“ಲೇ ಇಮಾಮ್ಯಾ, ನೀ ಕೊಡಿಸಿದ್ದು ಕಂಪ್ಯೂಟರೋ, ಎತ್ತಿನ ಬಂಡಿಯೋ? ಒಂದು ಫೋಟೋ ತಗೀಬೇಕಂದ್ರ ಚಾ ಕುದ್ದು ಆರಿ ಹೋಗತೈತಿ!”

“ಒಳಗ ಕಸಾ ತುಂಬಿರತೈತಿ. ಹಸನ ಮಾಡಬೇಕು.”

“ಹಂಗಾರ ಬಾ. ಮೂರಕ್ಕ ಒಂದು ಬಸ್ ಐತಿ.”

“ಬಸ್ ಯಾಕಲೇ? ನಾ ಇಲ್ಲೇ ಕುಂತು ಮಾಡತೇನಿ. ನೀ ಅದನ್ನ ಚಾಲೂ ಮಾಡಿ ಇಡು, ಸಾಕು.”

“ಬೆಟಗೇರ್ಯಾಗ ಕುಂತು ಲಕ್ಷ್ಮೇಶ್ವರದ ಕಸಾ ಹೊಡೀತಿ?”

“ಹೊಡೀತೇನಿ.”

ಮೊರದ ಸದ್ದು ನಿಂತಿತು. ಮೆಹಬೂಬಿ ಗೋಡೆಯ ಕಡೆ ತಿರುಗಿ ಹೇಳಿದಳು: “ಕಟಿಗೊಂಡ ದಿನದಿಂದ ಈ ಮನಿ ಕಸಾ ಒಂದಿನ ಹೊಡದಿಲ್ಲ. ಲಕ್ಷ್ಮೇಶ್ವರದ್ದು ಹೊಡ್ಯಾಕ ಹೊಂಟಾರ!”

ಇಂಥ ಮಾತುಗಳಿಗೆ ವಿದ್ಯಾವಂತರು ಕಿವಿಗೊಡಬಾರದು. ನಾನು ಕುರ್ಚಿ ಎಳೆದುಕೊಂಡೆ, ಕನ್ನಡಕ ಒರೆಸಿಕೊಂಡೆ, ಫೋನಿನಲ್ಲಿ ಈರಣ್ಣನಿಗೆ ಆಜ್ಞೆ ಕೊಟ್ಟೆ: “ನೀ ಮಶೀನ್ ಮುಂದ ಕುಂಡ್ರಬ್ಯಾಡ. ನಿನ್ನ ಕೈ ನನ್ನ ಕೈಗೆ ಅಡ್ಡ ಬರತೈತಿ. ಹೊರಗ ಕಟ್ಟಿ ಮ್ಯಾಲೆ ಹೋಗಿ ಕುಂಡ್ರು. ಫೋನ್ ಇಡಬ್ಯಾಡ. ನಾ ಕೇಳಿದ್ದಕ್ಕಷ್ಟ ಜವಾಬ ಕೊಡು.” ಆಪರೇಶನ್ನಿನ ಹೊತ್ತಿಗೆ ಡಾಕ್ಟರು ರೋಗಿಯ ಕಡೆಯವರನ್ನು ಹೊರಗೆ ಕಳಿಸುವುದಿಲ್ಲವೇ, ಹಾಗೆ.

ನಂಬರು ಹೊಡೆದೆ. ಪಾಸ್‌ವರ್ಡು ಹೊಡೆದೆ. ಕಣ್ಣು ಮಿಟುಕಿಸುವುದರೊಳಗೆ ನನ್ನ ಪರದೆಯ ಮೇಲೆ ಇನ್ನೊಂದು ಪರದೆ ಬಂದು ಕುಳಿತಿತು! ಅದೇ ಹಸಿರು ಗುಡ್ಡ, ಅದೇ ನೀಲಿ ಆಕಾಶ. ಈರಣ್ಣನ ಕಂಪ್ಯೂಟರಿನಲ್ಲಿ ನಾನೇ ನೋಡಿದ್ದ ಚಿತ್ರ.

“ನೋಡ, ಬಂತು ಲಕ್ಷ್ಮೇಶ್ವರ!” ಎಂದೆ ಹೆಂಡತಿಗೆ.

ಅವಳು ಕತ್ತು ಚಾಚಿ ನೋಡಿದಳು. “ಲಕ್ಷ್ಮೇಶ್ವರದಾಗ ಇಷ್ಟ ದೊಡ್ಡ ಗುಡ್ಡ ಎಲ್ಲೈತ್ರಿ? ಗುಡ್ಡ ನೋಡಬೇಕಂದ್ರ ನಮ್ಮ ಮುಂಡರಗಿ ಕಡೆ ಹೋಗಬೇಕು.”

ಆ ಹಸಿರು ಗುಡ್ಡ ಅಂದಿನ ದಿನಗಳಲ್ಲಿ ಪ್ರತಿ ಮನೆಯ ಕಂಪ್ಯೂಟರಿನಲ್ಲೂ ಹುಟ್ಟಿನಿಂದಲೇ ಇರುತ್ತಿತ್ತು ಎಂಬ ಸಣ್ಣ ವಿಚಾರ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಪರದೆಯ ಮೇಲೆ ಯಾವುದೋ ಕನ್ನಡ ಬರಹ ತೆರೆದಿತ್ತು. ಪರರ ಕಾಗದ ಓದಬಾರದು ಎಂದು ಹಿರಿಯರು ನನಗೆ ಕಲಿಸಿದ್ದಾರೆ. ಓದದೆ ಕೆಳಗಿಳಿಸಿದೆ. ಎಂಥ ಸಂಭಾವಿತ! ಒಂದೇ ಒಂದು ಸಾಲು ಓದಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕಸ ಹುಡುಕಲು ಶುರು ಮಾಡಿದೆ. ಮೂರು ದೊಡ್ಡ ಫೋಲ್ಡರುಗಳು ಕಂಡವು.

“ಈರಣ್ಣಾ, ಇಲ್ಲಿ ‘ಹಿರೇಹಂದಿಗೋಳ’ ಅಂತ ಒಂದು ಐತಲ್ಲ, ಏನದು?”

“ಹಿರೇಹಂದಿಗೋಳ? ಆ ಊರಾಗ ನಮ್ಮವರು ಯಾರೂ ಇಲ್ಲಲೇ.”

“‘ಹೊಂಬಳ’?”

“ಹೊಂಬಳಕ್ಕ ನಾ ಹೋಗೇ ಇಲ್ಲ.”

“‘ಕಣಗಿನಹಾಳ’?”

“ನನ್ನ ಕಂಪ್ಯೂಟರಿನಾಗ ಊರೂರು ಬಂದು ಕುಂತಾವಂದ್ರ ಹೆಂಗ ಜಲ್ದಿ ನಡದೀತಲೇ ಅದು? ಇಂಟರ್ನೆಟ್ ಹಾಕಿದ ಆ ಕೇಬಲ್ಲಿನಾಂವ ತುಂಬಿರಬೇಕು. ತಗದ ಒಗಿ! ನನ್ನ ಮಗಳ ಲಗ್ನದ ಫೋಟೋ ಬಿಟ್ಟು ಬಾಕಿ ಎಲ್ಲಾ ಒಗಿ!”

ಲಗ್ನದ ಫೋಟೋ ಎಲ್ಲೂ ಕಾಣಲಿಲ್ಲ. ಇದರಿಂದ ನನಗೆ ಸಂಶಯ ಬಂತೇ? ಬರಲಿಲ್ಲ. ಕಸದ ರಾಶಿಯ ಅಡಿಯಲ್ಲಿ ಹುಗಿದುಹೋಗಿರಬೇಕು ಎಂದುಕೊಂಡು ಇನ್ನೂ ಹುರುಪಿನಿಂದ ಕೆಲಸಕ್ಕೆ ಇಳಿದೆ. ಮೊದಲನೆಯದಾಗಿ ಹಿರೇಹಂದಿಗೋಳವನ್ನು ಕಸದ ಬುಟ್ಟಿಗೆ ರವಾನಿಸಲಾಯಿತು. ತದನಂತರ ಹೊಂಬಳ.

ಅಷ್ಟರಲ್ಲಿ ಕೆಳಗಿನಿಂದ ಪಾರ್ವತಕ್ಕನ ದನಿ ಕೇಳಿತು. “ಮೆಹಬೂಬೀ! ಏ ಮೆಹಬೂಬೀ! ಜಲ್ದಿ ಬಾರವ್ವಾ!”

ಮೆಹಬೂಬಿ ಮೊರ ಇಟ್ಟು ಇಳಿದಳು. ಎರಡು ನಿಮಿಷಕ್ಕೆ ಏದುಸಿರು ಬಿಡುತ್ತ ಮೇಲೆ ಬಂದಳು.

“ರೀ, ಕೆಳಗ ಮಾಸ್ತರ ಕಂಪ್ಯೂಟರ್ ತನ್ನಷ್ಟಕ್ಕ ತಾನ ನಡದೈತಿ! ಮುಂದ ಯಾರೂ ಇಲ್ಲ. ಬಾಣ ಅತ್ತಾಗ ಇತ್ತಾಗ ಓಡ್ಯಾಡಾಕ ಹತ್ತೇತಿ. ಪಾರ್ವತಕ್ಕ ಅಂಜಿ ನಡಗಾಕ ಹತ್ಯಾಳ. ಒಂಚೂರು ಬಂದು ನೋಡ್ರಿ.”

ನಾನು ಕೈಯೆತ್ತಿ ತಡೆದೆ. “ಈಗ ಆಗೂದಿಲ್ಲ. ನಾ ಲಕ್ಷ್ಮೇಶ್ವರದಾಗ ಅದೀನಿ.”

“ಎದ್ದು ಬಂದ್ರ ಹನ್ನೆರಡ ಮೆಟ್ಟಲಾ!”

“ಒಂದ ಸಲಕ್ಕ ಒಂದ ಊರು. ಮೌಸಿಗೆ ಧೂಳ ಹಿಡದಿರತೈತಿ. ಒರಸಾಕ ಹೇಳು. ಇದು ಮುಗದ ಮ್ಯಾಲೆ ಬರತೇನಿ.”

ಕೆಳಗೆ ಬಾಣ ಓಡಾಡುತ್ತಿದೆ ಎಂದು ಕಿವಿಯಾರೆ ಕೇಳಿದೆ. ಇಲ್ಲಿ ನಾನೇ ಬಾಣ ಓಡಾಡಿಸುತ್ತಿದ್ದೇನೆ ಎಂದು ಕಣ್ಣಾರೆ ಕಂಡೆ. ಎರಡನ್ನೂ ಕೂಡಿಸಲಿಲ್ಲ. ಎರಡು ತಿಂಗಳ ವಿದ್ಯೆ ಇಷ್ಟು ಗಟ್ಟಿಯಾಗಿ ಕಣ್ಣು ಕಟ್ಟಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಮೆಹಬೂಬಿ ನನ್ನನ್ನು ಒಂದು ತರಹ ನೋಡಿ ಮತ್ತೆ ಇಳಿದಳು. ಕೆಳಗೆ ಪಾರ್ವತಕ್ಕ ಧೂಳು ಒರೆಸುವ ಮಟ್ಟವನ್ನು ದಾಟಿಹೋಗಿದ್ದಳು. ಉಪ್ಪು ಮೆಣಸಿನಕಾಯಿ ಹಿಡಿದು ಕಂಪ್ಯೂಟರಿಗೆ ದೃಷ್ಟಿ ತೆಗೆಯುತ್ತಿದ್ದಳು. “ನನ್ನ ಗಂಡ ಹಗಲೂ ರಾತ್ರಿ ತೀರಿಕೊಂಡವರ ಹಾಡು ಇದರಾಗ ತುಂಬ್ಯಾನ. ಅವರೊಳಗ ಒಬ್ಬಾಕಿ ಬಂದಾಳ!” ಎಂಬ ಮಾತು ಮೇಲಿನವರೆಗೂ ಕೇಳಿತು. ನಾನು ಫೋನಿಲ್ಲದ ಕಿವಿಗೆ ಬೆರಳಿಟ್ಟುಕೊಂಡೆ. ಗದ್ದಲದಲ್ಲಿ ಸೂಕ್ಷ್ಮ ಕೆಲಸ ಸಾಗುವುದಿಲ್ಲ.

ಕಣಗಿನಹಾಳವೂ ಬುಟ್ಟಿ ಸೇರಿತು. ಇನ್ನು ಉಳಿದದ್ದು ಬುಟ್ಟಿ ಖಾಲಿ ಮಾಡುವುದು. ಆ ಗುಂಡಿ ಒತ್ತಿದೆ. “ಇವು ಶಾಶ್ವತವಾಗಿ ಹೋಗುತ್ತವೆ, ಖಚಿತವೇ?” ಎಂಬ ಅರ್ಥದ ಪ್ರಶ್ನೆ ಬಂತು. ಬಾಣವನ್ನು “ಹೌದು” ಎಂಬುದರ ಮೇಲೆ ತಂದು ನಿಲ್ಲಿಸಿದೆ. ಆದರೆ ನಾನು ಮರ್ಯಾದಸ್ಥ. ಮಾಲೀಕನ ಬಾಯಿಂದ ಕೊನೆಯ ಒಪ್ಪಿಗೆ ಬರಲಿ ಎಂದು ಕಾದೆ.

“ಈರಣ್ಣಾ, ಕಡೀ ಮಾತು. ಒತ್ತಿದ್ರ ಮತ್ತ ಹೊಳ್ಳಿ ಬರೂದಿಲ್ಲ. ಹೂಂ ಅನ್ನು.”

ಈರಣ್ಣ ಹೂಂ ಅನ್ನಲಿಲ್ಲ. ಕಟ್ಟೆಯ ಮುಂದೆ ಹೋಗುತ್ತಿದ್ದ ಯಾರೋ ಅವನನ್ನು ದಾರಿ ಕೇಳಿದರು. ಅವನು ಸಾವಕಾಶವಾಗಿ, “ಹಿಂಗ ನೆಟ್ಟಗ ಹೋಗ್ರಿ, ಬೇವಿನ ಗಿಡ ಬರತೈತಿ, ಅಲ್ಲಿ ಎಡಕ್ಕ ಹೊಳ್ಳಬ್ಯಾಡ್ರಿ…” ಎಂದು ಶುರು ಮಾಡಿದ. ಈರಣ್ಣ ದಾರಿ ಹೇಳಿದರೆ ಕೇಳಿದವರು ಊರಿನ ಇತಿಹಾಸ ಕಲಿತುಕೊಂಡೇ ಹೋಗಬೇಕು. ನನ್ನ ಬೆರಳು ಮೌಸಿನ ಮೇಲೆ ತುದಿಗಾಲಲ್ಲಿ ನಿಂತಿತ್ತು.

“ಹಾಂ, ಏನಂದಿ? ಒತ್ತಬೇಕ? ಒತ್ತ…”

ಪರದೆ ಕಪ್ಪಾಯಿತು.

“ಥೂ! ನಿಮ್ಮ ಲಕ್ಷ್ಮೇಶ್ವರದಾಗ ಕರೆಂಟ್ ಹೋತು ನೋಡು!” ಎಂದೆ.

“ಇಲ್ಲಲೇ. ಫ್ಯಾನ್ ತಿರಗಾಕ ಹತ್ತೇತಿ.”

“ಒಳಗ ಹೋಗಿ ಕಂಪ್ಯೂಟರ್ ನೋಡು.”

ಚಪ್ಪಲಿ ಸದ್ದು ಕೇಳಿತು. “ಅದೂ ಚಾಲೂ ಐತಿ. ಗುಡ್ಡ ಇದ್ದಲ್ಲೇ ಐತಿ. ನೀ ಏನ್ ಮಾಡಿದಿ ಇಷ್ಟೊತ್ತು? ನಾ ಹೊರಗ ಹೋಗೂವಾಗ ಬಾಣ ಎಲ್ಲಿತ್ತೋ ಅಲ್ಲೇ ಐತಿ. ಒಂದ ಬಟ್ಟಿನಷ್ಟೂ ಸರದಿಲ್ಲ.”

ಕಪ್ಪಾದ ಪರದೆ ನೋಡಿದೆ. ಕೆಳಗಿನ ಗದ್ದಲ ಒಮ್ಮೆಲೇ ನಿಂತಿದ್ದು ಆಗ ಲಕ್ಷ್ಯಕ್ಕೆ ಬಂತು. ಹಿರೇಹಂದಿಗೋಳ. ಹೊಂಬಳ. ಕಣಗಿನಹಾಳ. ಈ ಮೂರು ಊರುಗಳ ಹೆಸರನ್ನು ನಾನು ದಿನಾ ಯಾರ ಬಾಯಲ್ಲಿ ಕೇಳುತ್ತೇನೆ?

ಹನ್ನೆರಡು ಮೆಟ್ಟಿಲನ್ನು ನಾನು ಇಳಿದೆನೋ, ಬಿದ್ದೆನೋ ನೆನಪಿಲ್ಲ. ಪಡಸಾಲೆಯಲ್ಲಿ ಪಾರ್ವತಕ್ಕ ಕಂಪ್ಯೂಟರಿನ ಪ್ಲಗ್ಗು ಕಿತ್ತು, ಹಾವಿನ ಕುತ್ತಿಗೆ ಹಿಡಿದಂತೆ ಹಿಡಿದು ನಿಂತಿದ್ದಳು. ಕೀಬೋರ್ಡಿನ ತುಂಬ ಉಪ್ಪು.

“ಚಿಂತಿ ಮಾಡಬ್ಯಾಡ್ರಿ ಇಮಾಮಣ್ಣ, ಹೋತದು. ಪ್ಲಗ್ ಜಗ್ಗಿದ ಕೂಡ್ಲೆ ಹೋತು.”

“ಅಕ್ಕಾ,” ಎಂದೆ, “ಅದು ನಾನ.”

ಅದೇ ಹೊತ್ತಿಗೆ ಬಾಗಿಲಲ್ಲಿ ಬಸವಣ್ಣೆಪ್ಪ ಮಾಸ್ತರು! ಕೈಯಲ್ಲಿ ಅರ್ಧ ಕಿಲೋ ಪೇಡೆ, ಮುಖದ ತುಂಬ ನಗೆ. “ಒಪ್ಪಿದ್ರು ಇಮಾಮಸಾಬ್ರ! ನಾಳೆ ಮುಂಜಾನೆ ತಂದು ಕೊಡ್ರಿ ಅಂದಾರ. ತಗೋರಿ, ಮೊದಲ ಪೇಡೆ ನಿಮಗ. ನೀವಿರದಿದ್ರ ಇದು ಆಗತಿದ್ದಿಲ್ಲ.”

ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಪ್ಪೊಪ್ಪಿಗೆ ಮಾಡಿದೆ. ಮಾಸ್ತರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕುರ್ಚಿಯ ಮೇಲೆ ಕುಳಿತರು. “ಹೊಂಬಳದ ನಿಂಗವ್ವನ ಹಾಡೂ ಅದರಾಗ ಅದಾವ. ಆಕಿ ಹ್ವಾದ ವರ್ಷ ತೀರಿಕೊಂಡ್ಳು” ಎಂದರು. ಅಷ್ಟೇ. ಪಾರ್ವತಕ್ಕ ಪ್ಲಗ್ಗನ್ನು ಮೆಲ್ಲಗೆ ಕೆಳಗಿಟ್ಟಳು.

ನಾನು “ಹೌದು” ಒತ್ತಿದ್ದೆನೇ? ಈರಣ್ಣ “ಒತ್ತ” ಅಂದಾಗ ಬೆರಳು ಅಲ್ಲಾಡಿತ್ತೇ? ದೇವರಾಣೆಗೂ ಗೊತ್ತಿರಲಿಲ್ಲ.

ಉಪ್ಪು ಝಾಡಿಸಿ, ಪ್ಲಗ್ಗು ಚುಚ್ಚಿ ಕಂಪ್ಯೂಟರ್ ಚಾಲೂ ಮಾಡಿದೆವು. ಅದು ಏಳಲು ತೆಗೆದುಕೊಂಡ ಹೊತ್ತಿನಲ್ಲಿ ನಾನು ನಡೆದೇ ಲಕ್ಷ್ಮೇಶ್ವರ ಮುಟ್ಟಿ ಬರಬಹುದಿತ್ತು. ಹಸಿರು ಗುಡ್ಡ ಬಂತು. ಫೋಲ್ಡರುಗಳು ಇದ್ದ ಜಾಗ ಬಯಲು. ಕಸದ ಬುಟ್ಟಿ ತೆರೆದೆ.

ಹಿರೇಹಂದಿಗೋಳ. ಹೊಂಬಳ. ಕಣಗಿನಹಾಳ. ಮೂರೂ ಊರುಗಳು ಕ್ಷೇಮ!

ಮೆಹಬೂಬಿ “ಯಾ ಅಲ್ಲಾ” ಎಂದು ಅಲ್ಲೇ ನೆಲಕ್ಕೆ ಕುಳಿತಳು. ಪಾರ್ವತಕ್ಕ ಕಂಪ್ಯೂಟರಿಗೆ ಕೈ ಮುಗಿದಳು. ಮೂರನ್ನೂ ಎತ್ತಿ ಇದ್ದಲ್ಲಿಗೆ ಇಟ್ಟು, ಒಂದೊಂದೇ ಹಾಡು ತೆಗೆದು ಮಾಸ್ತರು ಎಣಿಸಿದರು. ನಿಂಗವ್ವನ ಹಾಡುಗಳು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕೈಯಲ್ಲೇ ಕರಗುತ್ತಿದ್ದ ಪೇಡೆಯನ್ನು ಆಗ ಬಾಯಿಗೆ ಹಾಕಿಕೊಂಡೆ. ಅಷ್ಟು ರುಚಿಯ ಪೇಡೆಯನ್ನು ನಾನು ಈವರೆಗೂ ತಿಂದಿಲ್ಲ.

ಮೇಲಿನಿಂದ ಸಣ್ಣಗೆ ಒಂದು ದನಿ ಬರುತ್ತಿತ್ತು. ಫೋನು! ಓಡಿಹೋಗಿ ಎತ್ತಿದರೆ ಈರಣ್ಣ, “ಹಲೋ, ಹಲೋ, ಹಂಗಾರ ನನ್ನ ಕಸಾ?” ಎನ್ನುತ್ತಿದ್ದ.

ಸಂಜೆ, ನಮ್ಮ ಮನೆಗೆ ಇಂಟರ್ನೆಟ್ಟು ಹಾಕಿದ್ದ ಕೇಬಲ್ಲಿನವನಿಗೆ ಫೋನು ಮಾಡಿ ಕೇಳಿದೆ. ಅವನು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಅವನು ಹೇಳಿದ್ದು ಇಷ್ಟು: ಇಂಟರ್ನೆಟ್ಟು ಬರುವ ಡಬ್ಬಿ ಆಯಾ ಮನೆಯೊಳಗಿನ ಕಂಪ್ಯೂಟರುಗಳಿಗೆ ತಾನೇ ನಂಬರು ಹಂಚುತ್ತದೆ. ಆ ನಂಬರು ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಎಲ್ಲ ಮನೆಯ ಡಬ್ಬಿಗಳೂ ಅವವೇ ನಂಬರು ಹಂಚುತ್ತವೆ. ನಮ್ಮ ಮನೆಯ ಡಬ್ಬಿ ಐದಕ್ಕೆ ಮುಗಿಯುವ ಆ ನಂಬರನ್ನು ಮಾಸ್ತರರ ಕಂಪ್ಯೂಟರಿಗೆ ಕೊಟ್ಟಿತ್ತು. ಹೊರಗಿನಿಂದ ಹೋಗಬೇಕಾದರೆ ಡಬ್ಬಿಗೆ ಮೊದಲೇ ಹೇಳಿ ಬಾಗಿಲು ತೆಗೆಸಿರಬೇಕು. ಇದು ಕಂಪ್ಯೂಟರ್ ಕ್ಲಾಸಿನಲ್ಲಿ ಮೂರನೇ ತಿಂಗಳ ಪಾಠವಂತೆ.

ಇದನ್ನು ಮಾಸ್ತರರಿಗೆ ತಿಳಿಸಿದೆ. ಅವರು ಒಮ್ಮೆ ಕೇಳಿದ್ದೇ ತಡ, “ಅಷ್ಟನ? ಇಮಾಮಸಾಬ್ರ, ಹಾಜರಿ ಪುಸ್ತಕದಾಗ ಐದನೇ ನಂಬರಿನ ಹುಡುಗ ಎಲ್ಲಾ ಸಾಲ್ಯಾಗೂ ಇರತಾನ. ಬೆಟಗೇರಿ ಸಾಲ್ಯಾಗ ನಿಂತು ‘ನಂಬರ್ ಐದು’ ಅಂತ ಒದರಿದ್ರ ಲಕ್ಷ್ಮೇಶ್ವರದ ಹುಡುಗ ‘ಹಾಜರ್ ಸರ್’ ಅಂತಾನೇನು?” ಎಂದರು. ಎರಡು ತಿಂಗಳಲ್ಲಿ ನನಗೆ ತಿಳಿಯದ್ದು ಅವರಿಗೆ ಎರಡು ನಿಮಿಷದಲ್ಲಿ ತಿಳಿಯಿತು.

ಮೂರೂ ಊರುಗಳು ಕ್ಷೇಮ ಎಂದೆನಲ್ಲ, ಒಂದು ಹಾಡನ್ನು ಬಿಟ್ಟು. ನಾನು ಓದದೆ ಕೆಳಗಿಳಿಸಿದ್ದೆನಲ್ಲ, ಆ ಬರಹ. ಮಾಸ್ತರು ಅದನ್ನು ಪೂರ್ತಿ ಹೊಡೆದಿದ್ದರು. ಉಳಿಸುವ ಗುಂಡಿ ಮಾತ್ರ ಒತ್ತದೆ ಪ್ರೆಸ್ಸಿಗೆ ಓಡಿದ್ದರು. ಪ್ಲಗ್ಗು ಕಿತ್ತಾಗ ಅದು ಹೋಯಿತು. ನೋಟುಬುಕ್ಕಿನ ಪುಟ ಮಧ್ಯಾಹ್ನವೇ ನೀರೊಲೆ ಸೇರಿತ್ತು. ಕಣಗಿನಹಾಳದ ಗಂಗವ್ವ ಎಂಬ ಮುದುಕಿಯ ಹಾಡು. ಪುಣ್ಯಕ್ಕೆ ಗಂಗವ್ವ ಇನ್ನೂ ಗಟ್ಟಿಯಾಗಿದ್ದಳು.

ಪ್ರೆಸ್ಸಿನವರಿಗೆ ಎರಡು ದಿನ ತಡವೆಂದು ಹೇಳಿ, ಮರುದಿನ ಮಾಸ್ತರು ಕಣಗಿನಹಾಳಕ್ಕೆ ಹೊರಟರು. ಅಂಗಡಿ ಮುಚ್ಚಿ ನಾನೂ ಹೊರಟೆ. ಬಸ್ಸಿನಲ್ಲೇ ಹೋದೆವು. ಗಂಗವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಮಾಸ್ತರು ನಡೆದದ್ದನ್ನೆಲ್ಲ, ಉಪ್ಪು ಮೆಣಸಿನಕಾಯಿ ಸಹಿತ, ಹೇಳಿದರು. ಅವಳು ಹಲ್ಲಿಲ್ಲದ ಬಾಯಿ ತೆರೆದು ಮನಸಾರೆ ನಕ್ಕಳು.

“ಹೋದ್ರ ಹೋತು ಬಿಡ್ರಿ. ನಾ ಇನ್ನೂ ಅದೀನಲ್ಲ! ಬರಕೋರಿ.”

ಮಾಸ್ತರು ಹೊಸ ನೋಟುಬುಕ್ಕು ತೆಗೆದರು, ಪೆನ್ನು ಬಿಚ್ಚಿದರು. ನಾನು ಏನಾದರೂ ಸಹಾಯ ಮಾಡಬೇಕೆಂದು ಮುಂದೆ ಸರಿದೆ.

“ನೀವು ಏನೂ ಮಾಡಬ್ಯಾಡ್ರಿ ಇಮಾಮಸಾಬ್ರ,” ಎಂದರು ಮಾಸ್ತರು, ಬಹಳ ಮೃದುವಾಗಿ. “ಈ ಪೆನ್ನಿನ ಮುಚ್ಚಳಾ ಹಿಡಕೊಂಡು ಕುಂಡ್ರಿ. ಸಾಕು.”

ಹಿಡಿದುಕೊಂಡು ಕುಳಿತೆ. ಗಂಗವ್ವ ಆ ಹಾಡನ್ನೂ ಹಾಡಿದಳು, ಅದರ ಬೆನ್ನಿಗೆ ಮಾಸ್ತರು ಹಿಂದೆ ಕೇಳಿರದ ಇನ್ನೆರಡನ್ನೂ ಹಾಡಿದಳು. ಸಂಜೆ ಬಸ್ಸಿಗೆ ಬೆಟಗೇರಿಗೆ ಬಂದೆವು. ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಾಗ ಮೆಹಬೂಬಿ ಕಿಸೆಯಿಂದ ಏನನ್ನೋ ತೆಗೆದು ನನ್ನ ಮುಂದೆ ಹಿಡಿದಳು.

ಪೆನ್ನಿನ ಮುಚ್ಚಳ.